ಹುಲೂಸಿ ಬೇ ಕೇಳಿಸಿಕೊಂಡ ಆಟ

ಹುಲೂಸಿ ಬೇ ಮೂವತ್ತೊಂದು ವರ್ಷ ಟರ್ಕಿಯ ಎಸ್ಕಿಶೆಹಿರ್‌ನ ಆಸ್ಪತ್ರೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು. ಹುಟ್ಟಿದಾಗಿನಿಂದ ಕಣ್ಣಿಲ್ಲ. ನಾನು ಮೆಟ್ಟಿಲ ಮೇಲೆ ಸುಮ್ಮನೆ ಹಾದುಹೋದರೂ, "ಮೇಲಿನ ಮನೆಯಮ್ಮಾ, ಮೊಣಕಾಲು ಇವತ್ತೂ ನೋಯ್ತಿದೆಯಾ?" ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಉಳಿದದ್ದು ಅಂಧರ ಸಂಘದ ಎರಡು ಕೋಣೆ, ಅಲ್ಲಿನ ಚಹಾ ಮತ್ತು ತಾವ್ಲಾ, ಇಬ್ಬರು ದಾಳ ಹಾಕಿ ಬಿಳಿ ಕಪ್ಪು ಕಾಯಿ ನಡೆಸುವ, ಪಗಡೆಯಂಥ ಆಟ. ದಾಳ ಬಿದ್ದೊಡನೆ ಬೆರಳಿನಿಂದ ಚುಕ್ಕಿ ಸವರಿ, "ಬಿಸ್ಮಿಲ್ಲಾ" ಎಂದು ಕಾಯಿ ನಡೆಸುವರು.

ಆ ಬೆರಳಿಗೆ ಕೆಲಸವಿಲ್ಲದಂತೆ ಮಾಡಿದವಳು ತಂಗಿ ಮುಕದ್ದೆರ್. ಲೆಕ್ಕದ ಟೀಚರಾಗಿದ್ದವಳು. ಯಾರೋ ಹೊರದೇಶದವರು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ತಾವ್ಲಾ ಪ್ರೋಗ್ರಾಂ ತಂದು ಅದಕ್ಕೆ ದನಿ ಕೊಟ್ಟಳು. ಕಂಪ್ಯೂಟರೇ ದಾಳ ಹಾಕಿ ಗರ ಕೂಗುತ್ತದೆ, ಕಾಯಿ ಕೊನೆಗೆ ಎಲ್ಲಿ ನಿಂತಿತೆಂದಷ್ಟೇ ಹೇಳುತ್ತದೆ. ಸಂಘದವರೆಲ್ಲ ಹಿಗ್ಗಿದರು. ಹುಲೂಸಿ ಬೇ ಮಾತ್ರ ಅದರೆದುರು ಸಾಲಾಗಿ ಹನ್ನೊಂದು ಆಟ ಸೋತು, ಎಲ್ಲರೆದುರು, "ಇದರ ದಾಳ ಕಳ್ಳ ದಾಳ" ಅಂದುಬಿಟ್ಟರು.

"ಸೋತವನಿಗೆ ದಾಳ ಯಾವತ್ತೂ ಡೊಂಕೇ ಕಣಯ್ಯಾ," ಎಂದರು ಅಧ್ಯಕ್ಷ ಜೆವಾತ್ ಬೇ. "ಶನಿವಾರದ ಪಂದ್ಯ ಇದರಲ್ಲೇ. ಕಳ್ಳ ಅಂದ್ಯಲ್ಲ, ತೋರಿಸು ನೋಡೋಣ."

"ತೋರಿಸ್ತೀನಿ. ತೋರಿಸದಿದ್ರೆ ಈ ಹೊಸ್ತಿಲು ತುಳಿಯಲ್ಲ. ಅಲ್ಲಾಹನ ಆಣೆ."

ಆಣೆಯನ್ನು ಹಗುರಾಗಿ ಇಡುವ ಮನುಷ್ಯರಲ್ಲ ಅವರು. ಮುಕದ್ದೆರ್ ಹೆದರಿದ್ದು ಅದಕ್ಕೇ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಮನೆಯಲ್ಲಿ ಕಂಪ್ಯೂಟರನ್ನು ತನ್ನ ಜೊತೆ ತಾನೇ ಆಡಲು ಬಿಟ್ಟಳು. ಬಿಳಿಯೂ ಅದೇ, ಕಪ್ಪೂ ಅದೇ. ಇಪ್ಪತ್ತು ಸಾವಿರ ಆಟ.

"ದಾಳ ನೆಟ್ಟಗಿದ್ರೆ ಇಬ್ಬರೂ ಅರ್ಧರ್ಧ ಗೆಲ್ಲಬೇಕು, ಅಬಿ."

ಅಣ್ಣ ತಲೆಯಾಡಿಸಿದರು. ಮೇಲಿನಿಂದ ಇಳಿದುಬಂದಿದ್ದ ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತೆ. ಎರಡು ಸಾವಿರ ಆಟಕ್ಕೆ ಬಿಳಿಯ ಗೆಲುವು ಸಾವಿರದ ನಲವತ್ತೇಳು.

"ನನ್ನ ಜೊತೆ ಆಡುವಾಗ ಅದು ಯಾವ ಕಡೆ?"

"ಬಿಳಿ," ಎಂದಳು ಮುಕದ್ದೆರ್. ಮುಖ ಬಿಳಿಚಿಕೊಂಡಿತ್ತು.

"ಕೇಳಿದ್ಯಾ? ಸೋತವನಿಗೆ ದಾಳ ಡೊಂಕು ಅಂದ್ರಲ್ಲೇ ನನಗೆ!"

"ಇನ್ನೂ ಹದಿನೆಂಟು ಸಾವಿರ ಇದೆ. ತಾಳು."

ಐದು ಸಾವಿರ ಆಟಕ್ಕೆ ಬಿಳಿಯ ಮುನ್ನಡೆ ಸ್ವಲ್ಪ ಇಳಿಯಿತು. ಹತ್ತು ಸಾವಿರಕ್ಕೆ ಇನ್ನೂ ಇಳಿಯಿತು. ಮಸೀದಿಗೆ ಹೋಗಿ ಬಂದ ಹುಲೂಸಿ ಬೇ ಕೋಟನ್ನೂ ತೆಗೆಯದೆ ಕೂತರು. ನಾಲ್ಕು ಗಂಟೆಗೆ ಅವಳು ಓದಿದಳು: ಬಿಳಿ ಹತ್ತು ಸಾವಿರದ ಹನ್ನೆರಡು, ಕಪ್ಪು ಒಂಬತ್ತು ಸಾವಿರದ ಒಂಬೈನೂರ ಎಂಬತ್ತೆಂಟು.

"ದಾಳ ಶುದ್ಧವಾಗಿದೆ, ಅಬಿ."

ಅವರು ಎದ್ದು ಕೋಟು ತೆಗೆದು ಮತ್ತೆ ಕೂತರು. ಕಡೆಗೆ, "ಅದರಲ್ಲಿ ಒಂದು ಆಟ ಕೇಳಿಸು. ನಿಧಾನಕ್ಕೆ, ಒಂದೊಂದೇ ಹೆಜ್ಜೆ," ಎಂದರು. ಅದು ಮುದುಕನ ದನಿಯಾಗಿತ್ತು.

ಮುಕದ್ದೆರ್ ಹಾಗೇ ಮಾಡಿದಳು. ಕೈ ಮೊಣಕಾಲ ಮೇಲಿಟ್ಟು ಅವರು ಕೇಳುತ್ತಾ ಹೋದರು. ಮೂವತ್ತು ಕಾಯಿಗಳೂ ಅವರ ತಲೆಯೊಳಗೆ ನಡೆಯುತ್ತಿದ್ದವು.

"ಬಿಳಿಗೆ ಎರಡು, ಒಂದು," ಎಂದಿತು ಯಂತ್ರ. "ಆರನೇ ಮನೆಯಿಂದ ನಾಲ್ಕಕ್ಕೆ. ಕಪ್ಪು ಕಾಯಿ ಹೊಡೆಯಿತು. ನಾಲ್ಕರಿಂದ ಮೂರಕ್ಕೆ."

"ನಿಲ್ಸೇ!"

ನನ್ನ ಕೈಯ ಹುರುಳಿಕಾಯಿ ಜಾರಿತು.

"ಅದು ಬಿಳಿಯ ಸ್ವಂತ ಅಂಗಳ ಅಲ್ವಾ, ಅದರ ಕೊನೆಯ ಆರು ಮನೆ? ತನ್ನ ಅಂಗಳದಲ್ಲಿ ಹೊಡೆದು, ಅದೇ ಕಾಯಿ ಓಡಿಹೋಯ್ತಾ?"

"ಹೌದು. ಮೂರರಲ್ಲಿ ಜೊತೆಗಾರ ಇದ್ದಾನೆ, ಸೇರಿಕೊಂಡಿತು, ಇನ್ನು ಅದನ್ನ ಹೊಡೆಯೋ ಹಾಗಿಲ್ಲ. ಒಳ್ಳೇ ನಡೆ ತಾನೇ?"

"ಒಳ್ಳೇ ನಡೆಯಾ! ಯಾವ ಊರಲ್ಲೇ ಹುಟ್ಟಿದ್ದು ನೀನು? ನಮ್ಮಲ್ಲಿ ತನ್ನ ಅಂಗಳದಲ್ಲಿ ಹೊಡೆದ ಕಾಯಿ ಆ ಸರದಿಗೆ ಅಲ್ಲೇ ನಿಲ್ಲಬೇಕು. ಹೊಡೆಸಿಕೊಂಡವನಿಗೆ ತಿರುಗಿ ಹೊಡೆಯೋ ಅವಕಾಶ ಕೊಡಬೇಕು. ಚಹಾದಂಗಡೀಲಿ ಓಡಿದ್ರೆ ಕೈಮೇಲೆ ಹೊಡೀತಾರೆ!"

ಮುಕದ್ದೆರ್ ಚಹಾದಂಗಡಿಯಲ್ಲಿ ಕೂತು ಕಲಿತವಳಲ್ಲ. ಪ್ರೋಗ್ರಾಂ ಬರೆದ ಹೊರದೇಶದವರಿಗೆ ಆ ಕಟ್ಟಳೆಯೇ ಇಲ್ಲ. ಬಿಳಿಯೂ ಓಡಿತು, ಕಪ್ಪೂ ಓಡಿತು, ಹಾಗಾಗಿ ಲೆಕ್ಕ ಸಮವಾಯಿತು. ಹನ್ನೊಂದು ಆಟದಲ್ಲಿ ಓಡದೆ ನಿಂತವರು ಇವರೊಬ್ಬರೇ. ಕೊನೆಗೆ ನಿಂತ ಮನೆಯನ್ನಷ್ಟೇ ಕೂಗುತ್ತಿದ್ದ ಯಂತ್ರದ ಓಟ ಅವರ ಕಿವಿಗೆ ಬಿದ್ದಿರಲಿಲ್ಲ.

"ನನ್ನದೇ ತಪ್ಪು," ಎಂದು ಅವಳು ಅಣ್ಣನ ಕೈ ಹಿಡಿದಳು. "ಇವತ್ತೇ ತಿದ್ತೀನಿ. ನಾಳೆ ನೀನು ತಲೆ ಎತ್ತಿ ಹೋಗು. ಗೆದ್ದೆಯಲ್ಲ!"

"ಎಲ್ಲಿ ಗೆದ್ದೆ? ನಾನು ಕಳ್ಳ ಅಂದದ್ದು ದಾಳವನ್ನ. ಆಣೆ ಇಟ್ಟದ್ದೂ ಅದರ ಮೇಲೇ."

"ಆಣೆ ಮುರಿದ್ರೆ ಹತ್ತು ಜನ ಬಡವರಿಗೆ ಊಟ ಹಾಕಿದರಾಯ್ತು. ದೇವರೇ ಕೊಟ್ಟ ದಾರಿ."

"ದಾರಿ ಗೊತ್ತು. ಆದ್ರೆ ಊಟ ಹಾಕ್ತೀನಿ ಅಂತ ಬಾಯಿ ಮುಚ್ಕೊಂಡು ಒಳಗೆ ನುಗ್ಗಲಾ?"

ಆ ರಾತ್ರಿ ಅವರು ಮಲಗಿದ ಸದ್ದು ನನಗೆ ಕೇಳಲಿಲ್ಲ.

ಶನಿವಾರ ಮೂವರೂ ಹೋದೆವು. ಸಂಘದ ಬಾಗಿಲಲ್ಲಿ ಹುಲೂಸಿ ಬೇ ನಿಂತೇಬಿಟ್ಟರು. ಕೋಲಿನ ತುದಿ ಹೊಸ್ತಿಲಿಗೆ ತಾಗಿತ್ತು. ಒಳಗಿನ ಗದ್ದಲ ಅಡಗಿತು.

"ಹುಲೂಸೀನಾ? ಏನಾಯ್ತಪ್ಪಾ ನಿನ್ನ ಕಳ್ಳ ದಾಳ?" ಎಂದರು ಜೆವಾತ್ ಬೇ.

"ದಾಳ ಶುದ್ಧ. ಇಪ್ಪತ್ತು ಸಾವಿರ ಆಟ ಆಡಿಸಿದ್ವಿ. ನಿಮ್ಮೆಲ್ಲರ ಮುಂದೆ ಸುಳ್ಳು ಆರೋಪ ಮಾಡಿದೆ, ತಂಗಿಯ ಕೆಲಸಕ್ಕೆ ಮಸಿ ಬಳಿದೆ. ತಪ್ಪಾಯ್ತು."

ಆಮೇಲೆ ಮುಕದ್ದೆರ್ ಮುಂದೆ ಬಂದು ತನ್ನ ತಪ್ಪು ಹೇಳಿದಳು. ಯಂತ್ರ ಅಂಗಳದಲ್ಲಿ ಹೊಡೆದು ಓಡುತ್ತಿತ್ತೆಂದು ಕೇಳಿದ್ದೇ ತಡ, ಒಳಗೆ ಕುರ್ಚಿಗಳು ಕಿರುಗುಟ್ಟಿದವು.

"ಅಯ್ಯೋ ನಾಚಿಕೆಗೇಡಿ ಯಂತ್ರವೇ!" ಎಂದರು ಜೆವಾತ್ ಬೇ. "ನಾನೂ ಅದಕ್ಕೆ ಒಂಬತ್ತು ಆಟ ಸೋತಿದ್ದೆ. ಹೇಳ್ಕೊಂಡಿರಲಿಲ್ಲ ಅಷ್ಟೇ. ಬಾ ಒಳಗೆ, ಚಹಾ ಆರ್ತಿದೆ."

ಹುಲೂಸಿ ಬೇ "ಬಿಸ್ಮಿಲ್ಲಾ" ಎಂದು ಕಾಲೆತ್ತಿ ದಾಟಿದರು.

ಮರುದಿನ ನಾನೂ ಮುಕದ್ದೆರ್ ಸೇರಿ ಹತ್ತು ಜನ ಬಡವರಿಗೆ ಅನ್ನ, ಬೀನ್ಸ್ ಬೇಯಿಸಿದೆವು.