ಟೈಲರ್ ಸಾಬ್ರ ಮಾಳಿಗೆಯ ಟ್ಯಾಂಗೊ

ಕತ್ತರಿ ಹಿಡಿದು ಹಿಡಿದು ಟೈಲರ್ ಸಾಬ್ರ ಬಲಗೈ ಹೆಬ್ಬೆರಳು ಗೆಣ್ಣಿನ ಹತ್ತಿರ ಗಟ್ಟಿಯಾಗಿ ಗಂಟು ಕಟ್ಟಿತ್ತು. ಆ ಗಂಟು ನನ್ನ ಬೆನ್ನಿಗೆ ಒತ್ತುತ್ತಿದ್ದುದು ಇವತ್ತಿಗೂ ನೆನಪಿದೆ. ದಪ್ಪ ಮೀಸೆಯ ನಾನು, ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಅವರು, ಭಾನುವಾರ ಸಂಜೆ ಶ್ರೀರಂಗಪಟ್ಟಣದ ಮಾಳಿಗೆಯೊಂದರಲ್ಲಿ ಎದೆಗೆ ಎದೆ ಕೊಟ್ಟು ಮೆಲ್ಲಗೆ ನಡೆಯುತ್ತಿದ್ದೆವು. ನಮ್ಮೂರು ಚಿನಕುರಳಿಯವರು ಯಾರಾದರೂ ನೋಡಿದ್ದರೆ ನನ್ನ ಮಾನ ಅಲ್ಲೇ ಹರಾಜಾಗುತ್ತಿತ್ತು!

ಟೈಲರ್ ಸಾಬ್ರಿಗೆ ಟ್ಯಾಂಗೊ ಎಂಬ ಜೋಡಿ ಕುಣಿತದ ಹುಚ್ಚು ಹಿಡಿದದ್ದು ಒಂದು ಲಂಗದಿಂದ. ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ಅರ್ಜೆಂಟೀನಾದ ವಯಸ್ಸಾದ ಹೆಂಗಸೊಬ್ಬರು ಕುಣಿಯುವಾಗ ಉಡುವ ಲಂಗ ಹೊಲಿಯಲು ಕೊಟ್ಟರಂತೆ. ಕಾಲು ಎಷ್ಟು ದೂರ ಹೋಗುತ್ತದೆಂದು ತಿಳಿಯದೆ ಸೀಳು ಎಲ್ಲಿ ಬಿಡುವುದು? ಆಕೆ ಸಾಬ್ರನ್ನೂ ಅವರ ಹೆಂಡತಿಯನ್ನೂ ಎದುರಿಗೆ ನಿಲ್ಲಿಸಿಕೊಂಡು ನಡೆದು ತೋರಿಸಿದರು. ಲಂಗ ಕೊಟ್ಟಾದ ಮೇಲೂ ಇಬ್ಬರೂ ನಾಲ್ಕು ವರ್ಷ, ವಾರ ತಪ್ಪದೆ, ಬಸ್ಸು ಹತ್ತಿ ಆಕೆ ಮೈಸೂರಿನಲ್ಲಿ ನಡೆಸುತ್ತಿದ್ದ ಕುಣಿತದ ಕ್ಲಾಸಿಗೆ ಹೋದರು. ಆಕೆ ತನ್ನ ದೇಶಕ್ಕೆ ಹೋದ ಮೇಲೆ, ಬಟ್ಟೆ ಕತ್ತರಿಸುವ ಮಾಳಿಗೆಯಲ್ಲಿ ತಾವೇ ಕಲಿಸತೊಡಗಿದರು. ಗಂಡಸರಿಗೆ ಸಾಬ್ರು, ಹೆಂಗಸರಿಗೆ ಅವರ ಹೆಂಡತಿ. ಆಕೆಯನ್ನು ನಾವೆಲ್ಲ ಆಪಾ ಎನ್ನುತ್ತಿದ್ದೆವು.

ನಾನು ಕಲಿಯಲು ಹೋದವನಲ್ಲ, ಜಗಳಕ್ಕೆ ಹೋದವನು. ರವಿಕೆ ಹೊಲಿಸಲು ಹೋಗಿದ್ದ ನನ್ನ ಹೆಂಡತಿ ಆ ಕ್ಲಾಸಿಗೆ ಸೇರಿಬಿಟ್ಟಿದ್ದಳು. ಯಾಕೆ ಎಂದು ರೇಗಿದ್ದಕ್ಕೆ, "ಇಪ್ಪತ್ತಾರು ವರ್ಸ ನಿಮ್ ಬೆನ್ನ ನೋಡ್ಕಂಡೇ ನಡ್ದಿವ್ನಿ. ಸಾಕಾಗೋಗದೆ," ಎಂದಳು. ನಿಜವೇ. ನಮ್ಮ ಕಡೆ ಗಂಡ ಹತ್ತು ಹೆಜ್ಜೆ ಮುಂದೆ, ಹೆಂಡತಿ ಹಿಂದೆ. ಅದರಲ್ಲಿ ತಪ್ಪೇನೆಂದು ನನ್ನ ಮಂಡೆಗೆ ಹೊಳೆದೇ ಇರಲಿಲ್ಲ. ಅವತ್ತಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಹಸುಗಳ ಜೊತೆ ಮಾತಾಡುತ್ತಿದ್ದಳು, ನನ್ನ ಜೊತೆ ಇಲ್ಲ. ಮನೆಯೊಳಗೆ ಇರುವುದೇ ಕಷ್ಟವಾಯಿತು.

ಕೂಗಾಡುತ್ತ ಮೆಟ್ಟಿಲು ಹತ್ತಿದ ನನ್ನನ್ನು ಸಾಬ್ರು ಅಡಿಯಿಂದ ಮುಡಿಯವರೆಗೆ ಅಳೆದರು. "ಚಪ್ಲಿ ಬುಟ್ಟು ಬನ್ನಿ ಗೌಡ್ರೇ. ಬೈಯಾದು ಆಮ್ಯಾಕೆ ಬೈಯಿರಂತೆ, ಮೊದ್ಲು ನಡ್ಯಾದು ಕಲೀರಿ."

"ನಂಗೆ ನಡ್ಯಾಕ್ ಬರಾಕಿಲ್ವಾ?"

"ಮುಂದ್ಮುಂದೆ ಓಡಾಕ್ ಬತ್ತದೆ. ನಡ್ಯಾಕ್ ಬರಾಕಿಲ್ಲ."

ಹಟಕ್ಕೆ ಬಿದ್ದು ಚಪ್ಪಲಿ ಬಿಟ್ಟೆ. ಮೊದಲ ಮೂರು ತಿಂಗಳು ಅವರು ನಡೆಸಿದ ಹಾಗೆ ಹಿಂದಕ್ಕೆ ಹಿಂದಕ್ಕೆ ನಡೆದೆ. ಹೊಳೆ ದಾಟುವಾಗ ಕಲ್ಲು ತಡಕಿ ಭಾರ ಹಾಕುವಂತೆ ಕಾಲಿಡಬೇಕು. ಹಾರ್ಮೋನಿಯಂನಂತೆ ಉಸಿರೆಳೆಯುವ ಯಾವುದೋ ಪೆಟ್ಟಿಗೆ ವಾದ್ಯದ ಹಾಡು, ಇಸ್ತ್ರಿಯ ಹಬೆ, ಕಿಟಕಿಯ ಬಿಸಿಲಿನಲ್ಲಿ ತೇಲುವ ನೂಲಿನ ಎಳೆಗಳು. ಕಣ್ಣು ಮುಚ್ಚಿದರೆ ನಡೆಯುತ್ತಿರುವುದು ನಾನೋ ನೆಲವೋ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ನನ್ನ ಹಿಂದೆ ಬಂದವಳ ಪಾಡೇನೆಂದು ಆಗ ಅರ್ಥವಾಯಿತು. ನಾಚಿಕೆಯೂ ಆಯಿತು.

ತಿಂಗಳ ಕೊನೆಯ ಭಾನುವಾರ ಎಲ್ಲರೂ ಸೇರಿ ಕುಣಿಯುತ್ತಿದ್ದರು. ಗೋಡೆಗುಂಟ ಕುರ್ಚಿ ಹಾಕಿ ಕೂರುವುದು. ಬಾಯಿಬಿಟ್ಟು ಕರೆಯುವಂತಿಲ್ಲ. ಯಾರ ಜೊತೆ ಕುಣಿಯಬೇಕೋ ಅವರನ್ನು ದೂರದಿಂದ ನೋಡಬೇಕು, ಅವರೂ ನೋಡಿ ತಲೆಯಾಡಿಸಿದರೆ ಹೋಗಬೇಕು. ನಾನು ಮೊದಲ ಸಲ ಮನೆಯ ಅಭ್ಯಾಸದಂತೆ "ಏ, ಬಾ ಇಲ್ಲಿ!" ಎಂದುಬಿಟ್ಟೆ. ಮಾಳಿಗೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಂಡತಿ ಕಿಟಕಿಯತ್ತ ತಿರುಗಿದಳು.

"ಅರೇ, ಇದೇನು ಎತ್ತು ಕರ‍್ದಂಗೆ!" ಸಾಬ್ರು ನನ್ನ ಭುಜ ಹಿಡಿದು ಕೂರಿಸಿದರು. "ನೋಡಿ, ಅಷ್ಟೇ. ಅವ್ರು ನೋಡ್ದಿದ್ರೆ ಸುಮ್ಕೆ ಕೂತ್ಕಳಿ. ಅದ್ರಲ್ಲಿ ಅವಮಾನ ಏನೂ ಇಲ್ಲ."

ಏಳು ತಿಂಗಳು ನೋಡಿದೆ. ಅವಳು ಆಪಾ ಜೊತೆ ಕುಣಿದಳು, ಬೇರೆ ಹೆಂಗಸರ ಜೊತೆ ಕುಣಿದಳು, ನನ್ನ ಕಡೆ ಮಾತ್ರ ಕಣ್ಣೆತ್ತಲಿಲ್ಲ. ತಡೆಯಲಾರದೆ ಒಮ್ಮೆ ಸಾಬ್ರ ಕೈ ಹಿಡಿದುಕೊಂಡೆ. "ನಿಮ್ ಮಾತು ಕೇಳ್ತಾಳೆ, ನೀವೇ ಒಂದ್ ಮಾತಾಡಿ."

"ತೌಬಾ! ಅವ್ರ ಕಣ್ಣು ಅವ್ರದು. ನಾನ್ಯಾರು ಮಾತಾಡಾಕೆ? ಇನ್ನೂ ನೋಡಿ." ನನಗೆ ಕೆಟ್ಟ ಕೋಪ ಬಂತು. ಆ ತಿಂಗಳೆಲ್ಲ ಅವರಿಗೆ ಸಲಾಂ ಕೂಡ ಹೇಳಲಿಲ್ಲ. ಅದೊಂದು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದಿದೆ, ಯಾಕೆಂದರೆ ಆ ತಿಂಗಳು ಮುಗಿದ ಮರುವಾರವೇ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಅವರು ಹೋಗಿಬಿಟ್ಟರು. ನಾನೂ ಹೆಗಲು ಕೊಟ್ಟೆ.

ನಲವತ್ತು ದಿನ ಕಳೆದ ಮೇಲೆ ಆಪಾ ಮಾಳಿಗೆಯ ಬಾಗಿಲು ತೆರೆದರು. ಹಾಡು ಶುರುವಾಯಿತು. ನನಗೆ ಯಾರನ್ನೂ ನೋಡುವ ಮನಸ್ಸಿರಲಿಲ್ಲ. ತಲೆ ತಗ್ಗಿಸಿ ಕೂತಿದ್ದೆ. ಎಷ್ಟೋ ಹೊತ್ತಾದ ಮೇಲೆ ತಲೆಯೆತ್ತಿದರೆ ಹೆಂಡತಿ ನೋಡುತ್ತಿದ್ದಳು. ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದೆ. ಬರೀ ಗೋಡೆ. ಅವಳು ತಲೆಯಾಡಿಸಿದಳು.

ಮೊದಲ ಹಾಡು ಹೇಗೆ ಮುಗಿಯಿತೋ ಗೊತ್ತಿಲ್ಲ. ಎರಡನೆಯದರ ನಡುವೆ, ಇದನ್ನು ನೋಡಲು ಸಾಬ್ರು ಇರಬೇಕಿತ್ತು ಅನ್ನಿಸಿ ದುಃಖ ಒತ್ತರಿಸಿ ಬಂತು. ನಡುಮಧ್ಯೆ ನಿಂತುಬಿಟ್ಟೆ. ಅವಳು ಹಿಡಿದ ಕೈ ಬಿಡಲಿಲ್ಲ.

"ನಿಂತ್ಕಬ್ಯಾಡಿ. ಇಂದ್ಗಡೆ ಜನ ಅವ್ರೆ. ನಡೀರಿ," ಎಂದಳು.

ವರ್ಷದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.