ಬರೆದುಕೊಳ್ಳದ ಪದ

ಲಖನೌದಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿ, ನಿವೃತ್ತನಾದ ಎರಡನೆಯ ತಿಂಗಳಿಗೆ ನಾನು ರಾಯಚೂರಿಗೆ ಬಂದು ನೆಲೆಸಿದೆ. ರಾಯಚೂರು ಬಿಟ್ಟು ಹೋಗುವವರನ್ನು ಎಲ್ಲರೂ ನೋಡಿದ್ದಾರೆ. ಅರ್ಧ ದೇಶ ದಾಟಿ ಇಲ್ಲಿಗೆ ಬರುವವರು ಅಪರೂಪ. ಮನೆಯ ಮಾಲೀಕರು ಮೊದಲ ದಿನ, ವರ್ಗ ಆಗಿ ಬಂದೀರೇನ್ರಿ ಎಂದು ವಿಚಾರಿಸಿದರು. ಇಲ್ಲ, ನನ್ನ ಖುಷಿಯಿಂದ ಬಂದೆ ಎಂದೆ. ಅವರು ನನ್ನ ಆಧಾರ್ ಕಾರ್ಡನ್ನು ಇನ್ನೊಮ್ಮೆ ಕೇಳಿ ನೋಡಿದರು.

ನಾನು ಬಂದದ್ದು ಅಕ್ಕನಿಗಾಗಿ. ನಾವು ಹುಟ್ಟಿದ್ದು ಮಾನ್ವಿಯಲ್ಲಿ. ನನಗೆ ಆರು ವರ್ಷವಾಗಿದ್ದಾಗ ಅವ್ವ ಹೋದಳು. ಆಗ ಹದಿನೇಳರ ಅಕ್ಕ ನನ್ನನ್ನು ಬೆಳೆಸುವ ಕೆಲಸ ಹಿಡಿದಳು, ಮದುವೆಯ ಮಾತು ಬಂದಾಗಲೆಲ್ಲ ಈ ಕೆಲಸ ತೋರಿಸಿದಳು. ಮುಂದೆ ದೇವದುರ್ಗದ ಶಾಲೆಯಲ್ಲಿ ಕನ್ನಡದ ಟೀಚರ್ ಆಗಿ, ಅಲ್ಲೇ ಸಣ್ಣ ಮನೆ ಕಟ್ಟಿಸಿಕೊಂಡು, ಅಲ್ಲೇ ನಿವೃತ್ತಳಾದಳು. ಅರ್ಧ ಊರು ಅವಳ ಕೈಯಲ್ಲಿ ಅಕ್ಷರ ಕಲಿತಿತ್ತು. ಉಳಿದರ್ಧ ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿತ್ತು.

ನನ್ನ ಹೆಂಡತಿ ಲಖನೌದವಳು, ನಮ್ಮ ಶಾಲೆಯಲ್ಲೇ ಹಿಂದಿ ಕಲಿಸುತ್ತಿದ್ದಳು. ನಮ್ಮ ಮದುವೆಗೆ ಅಕ್ಕ ಬರಲಿಲ್ಲ. ಸಿಟ್ಟಿನ ಪತ್ರವನ್ನೂ ಬರೆಯಲಿಲ್ಲ; ಅದಕ್ಕಿಂತ ಕಠಿಣವಾಗಿ, ಎಲ್ಲ ಕ್ಷೇಮ ಎಂದು ಬರೆದಳು. ಅನಂತರದ ವರ್ಷಗಳಲ್ಲಿ ನಾವು ರಜೆಗೆ ಬಂದಾಗ ಇಬ್ಬರೂ ಎದುರುಬದುರು ಕುಳಿತು ನನ್ನ ಮೂಲಕ ಮಾತಾಡುತ್ತಿದ್ದರು. ಅಕ್ಕನಿಗೆ ಹಿಂದಿ ಆಡುವ ಮನಸ್ಸಿರಲಿಲ್ಲ, ಹೆಂಡತಿಗೆ ಕನ್ನಡ ಬರುತ್ತಿರಲಿಲ್ಲ. ಮನೆಯಲ್ಲಿ ಇಬ್ಬರು ಭಾಷಾ ಶಿಕ್ಷಕಿಯರಿದ್ದು ದುಭಾಷಿಯ ಹುದ್ದೆ ಗಣಿತದ ಮಾಸ್ತರನಿಗೆ ಬಂದಿತ್ತು. ನಾನು ಆ ಹುದ್ದೆಯನ್ನು ಪ್ರಾಮಾಣಿಕವಾಗಿ ನಡೆಸಿದೆನೆಂದು ಹೇಳಲಾರೆ. ಪಲ್ಯಕ್ಕೆ ಉಪ್ಪಿಲ್ಲ ಎಂದು ಅಕ್ಕ ಹೇಳಿದರೆ, ಪಲ್ಯ ಹಿತವಾಗಿದೆ ಎಂದು ದಾಟಿಸುತ್ತಿದ್ದೆ. ಹೀಗೆ ಮೂವತ್ತು ವರ್ಷ ಶಾಂತಿ ನೆಲೆಸಿತ್ತು.

ಅಕ್ಕನಿಗೆ ಎಪ್ಪತ್ತು ದಾಟಿದ ಮೇಲೆ ಈ ಶಾಂತಿ ಸಾಲದು ಎಂದು ನನಗೆ ಅನಿಸಿತು. ಅವಳಿರುವಷ್ಟು ದಿನ ಹತ್ತಿರ ಇರಬೇಕು, ಅವರಿಬ್ಬರೂ ನಾನಿಲ್ಲದೆ ಒಂದು ದಿನವಾದರೂ ಮಾತಾಡಬೇಕು. ನನಗಿದ್ದ ಆಸೆ ಇಷ್ಟೇ. ಅಕ್ಕನಿಗೆ ನಾವು ದೇವದುರ್ಗದಲ್ಲೇ ಇರಬೇಕಿತ್ತು. ಹೆಂಡತಿಗೆ ರೈಲು ನಿಲ್ಲುವ ಊರು ಬೇಕಿತ್ತು. ಹಲವು ಸುತ್ತಿನ ಮಾತುಕತೆಯ ನಂತರ ಉಭಯ ಪಕ್ಷಗಳೂ ರಾಯಚೂರಿಗೆ ಒಪ್ಪಿದವು. ಕಲ್ಮಲದ ಮೇಲಿಂದ ದೇವದುರ್ಗಕ್ಕೆ ಹೋಗುವ ಬಸ್ಸು ಹಿಡಿದರೆ ಮುಂಜಾನೆಯ ಚಹಾ ಇಲ್ಲಿ, ಊಟ ಅಕ್ಕನ ಮನೆಯಲ್ಲಿ.

ಹೆಂಡತಿ ಬಂದ ವಾರವೇ ಒಂದು ನೋಟುಬುಕ್ಕು ತಂದು ಕನ್ನಡ ಕಲಿಯಲು ಕುಳಿತಳು. ನಾನು ಗುರು. ಎಡಕ್ಕೆ ನಾಗರಿ ಲಿಪಿಯಲ್ಲಿ ಕನ್ನಡದ ಪದ, ಬಲಕ್ಕೆ ಹಿಂದಿಯ ಅರ್ಥ. ನಾಲ್ಕು ದಿನದಲ್ಲೇ ಅವಳಿಗೆ ಈ ಊರಿನ ಮಾತಿನಲ್ಲಿ ತನ್ನ ಕಡೆಯವರು ಬಹಳ ಮಂದಿ ಸಿಕ್ಕರು: ಬಜಾರ, ದವಾಖಾನಿ, ಖುರ್ಚಿ, ಜಲ್ದಿ, ತಯಾರ್. ನಿಜಾಮರ ಕಾಲದಲ್ಲಿ ಬಂದು ಇಲ್ಲೇ ಉಳಿದ ನೆಂಟರಿವು, ಇವನ್ನು ಬರೆದುಕೊಳ್ಳುವುದು ಬೇಡ, ಇವು ನಿನ್ನವೇ ಎಂದು ನಾನು ಉದಾರವಾಗಿ ಹೇಳಿದೆ. ನೋಟುಬುಕ್ಕಿನ ಪುಟ ಉಳಿಯಿತು, ಅವಳಿಗೆ ಧೈರ್ಯ ಬಂತು.

ಆ ನೆಂಟರಲ್ಲಿ ‘ಆರಾಮ’ವೂ ಒಂದು. ಹಿಂದಿಯಲ್ಲಿ ಅದು ವಿಶ್ರಾಂತಿ. ನಮ್ಮ ಕಡೆ ಆರಾಮ ಎಂದರೆ ಆರೋಗ್ಯ. ಆರಾಮಿಲ್ಲ ಎಂದರೆ ಮೈ ಸ್ವಸ್ಥವಿಲ್ಲ, ಅಷ್ಟೇ. ಬೀದಿಯಲ್ಲಿ ಕಂಡವರೆಲ್ಲ ಅವಳನ್ನು ಆರಾಮಿದ್ದೀರೇನ್ರಿ ಎಂದು ಕೇಳುತ್ತಿದ್ದರು. ಎರಡನೆಯ ವಾರ ಅವಳು ಬಜಾರದಿಂದ ಬಂದು, ಈ ಊರಿನವರು ಎಂಥ ಒಳ್ಳೆಯವರು, ನಿವೃತ್ತರ ವಿಶ್ರಾಂತಿಯ ಬಗ್ಗೆ ಇಷ್ಟು ಕಾಳಜಿ ಲಖನೌದಲ್ಲಿ ಯಾರಿಗೂ ಇರಲಿಲ್ಲ ಎಂದಳು. ನಾನು ನಗು ತಡೆದುಕೊಂಡು, ಹೌದು, ಇದು ವಿಶ್ರಾಂತಿಪ್ರಿಯರ ಊರು ಎಂದು ಗಂಭೀರವಾಗಿ ಒಪ್ಪಿದೆ. ತಿದ್ದಲಿಲ್ಲ. ಆ ತಪ್ಪು ನನಗೆ ಅಷ್ಟು ಹಿಡಿಸಿತ್ತು. ದೀಪಾವಳಿಗೆ ಮೂವರೂ ಸೇರಿದಾಗ ಅಕ್ಕನಿಗೆ ಹೇಳಿ ನಗಿಸಬೇಕೆಂದು ಎತ್ತಿಟ್ಟುಕೊಂಡೆ.

ಶ್ರಾವಣದ ಒಂದು ಬುಧವಾರ ನಾನು ಮಾನ್ವಿಗೆ ಹೋಗಿದ್ದೆ. ಅಲ್ಲಿ ದೊಡ್ಡಪ್ಪನ ಮಗ, ನನಗಿಂತ ಹಿರಿಯ, ಗುಡಿಯ ಪೂಜೆ ನೋಡಿಕೊಳ್ಳುತ್ತಾನೆ. ಅವನನ್ನು ಮಾತಾಡಿಸಿಕೊಂಡು ಬರಲು ಹೋದವನು ಮೊಬೈಲನ್ನು ಮನೆಯಲ್ಲೇ ಮರೆತಿದ್ದೆ. ಸಂಜೆ ಮನೆಗೆ ಬಂದಾಗ ಹೆಂಡತಿಯ ಮುಖ ಹೊಳೆಯುತ್ತಿತ್ತು. ಅಕ್ಕನ ಫೋನ್ ಬಂದಿತ್ತಂತೆ. ನೀವಿಲ್ಲ ಎಂದರೂ ಅವರು ಇಡಲಿಲ್ಲ, ನನ್ನ ಜೊತೆಯೇ ಮಾತಾಡಿದರು, ನಾನೂ ಕನ್ನಡದಲ್ಲೇ ಮಾತಾಡಿದೆ, ಎಲ್ಲ ತಿಳಿಯಿತು ಎಂದಳು. ಏನಂದಳು ಅಕ್ಕ ಎಂದು ಕೇಳಿದೆ. ಮನೆಯಲ್ಲಿ ನಮ್ಮಿಬ್ಬರ ಮಾತು ಹಿಂದಿಯೇ. ಅವಳು ಹಿಂದಿಯಲ್ಲಿ ಹೇಳಿದಳು: ಅವರಿಗೆ ಆರಾಮವೇ ಇಲ್ಲವಂತೆ, ನೀವಿಬ್ಬರೂ ಬನ್ನಿ ಎಂದರು, ರವಿವಾರ ಬರುತ್ತೇವೆಂದೆ.

ಆ ಪದ ನನ್ನ ಕಿವಿಗೆ ಹಿಂದಿಯ ಬಟ್ಟೆ ಉಟ್ಟೇ ಬಂತು. ಶ್ರಾವಣದಲ್ಲಿ ಅಕ್ಕನ ವ್ರತ, ನೇಮ, ಓಡಾಟ ನನಗೆ ಗೊತ್ತಿದ್ದವು. ಅವಳಿಗೆ ಹುಟ್ಟಿದಾಗಿನಿಂದ ಆರಾಮವಿಲ್ಲ ಎಂದು ನಾನೂ ಹಿಂದಿಯಲ್ಲೇ ಅಂದು ಕೈಕಾಲು ತೊಳೆಯಲು ಹೋದೆ. ಆ ದಿನ ನನಗೆ ಬಹಳ ಸಂತೋಷವಾಗಿತ್ತು. ಅವರಿಬ್ಬರೂ ನಾನಿಲ್ಲದೆ ಮಾತಾಡಿದ್ದರು.

ಶುಕ್ರವಾರ ಬೆಳಿಗ್ಗೆ ಅಕ್ಕನ ಪಕ್ಕದ ಮನೆಯಾಕೆ ಫೋನ್ ಮಾಡಿದಳು. ಎಮ್ಮೆ ಸಾಕಿಕೊಂಡು ಓಣಿಗೆಲ್ಲ ಹಾಲು ಕೊಡುವ ಹೆಂಗಸು, ಅಕ್ಕನ ಬಳಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು.

“ಮಾಸ್ತರ್ರ, ಜಲ್ದಿ ಬರ್ರಿ. ಟೀಚರವ್ವ ಏಳವಲ್ರು.”

ನಾವು ಹೋದಾಗ ಅಕ್ಕ ಹೋಗಿಬಿಟ್ಟಿದ್ದಳು; ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ಎದೆಯ ತೊಂದರೆ ಇರಬೇಕೆಂದು ಬಂದು ನೋಡಿದ ಡಾಕ್ಟರು ಹೇಳಿದರು. ಹಾಲಿನಾಕೆ ಬಾಗಿಲ ಬಳಿ ನಿಂತು, ಮಂಗಳವಾರದಿಂದ ಟೀಚರವ್ವಗ ಆರಾಮಿರಲಿಲ್ಲ, ದವಾಖಾನಿಗೆ ಹೋಗೂಣು ಅಂದರೆ ಒಲ್ಲೆ ಅಂದರು, ತಮ್ಮಗ ಫೋನ್ ಮಾಡಿ ಹೇಳೀನಿ ರವಿವಾರ ಬರ್ತಾರ ಅಂದರು ಎಂದಳು. ಅವಳ ಬಾಯಲ್ಲಿ ಆ ಪದ ತನ್ನ ಅರ್ಥಕ್ಕೆ ಮರಳಿತು. ನಾನು ಗೋಡೆ ಹಿಡಿದುಕೊಂಡೆ. ದುಃಖವೆಂದು ಎಲ್ಲರೂ ಭಾವಿಸಿದರು, ಅದೂ ಇತ್ತು. ಹೆಂಡತಿ ಅಕ್ಕನ ಕಾಲ ಬಳಿ ಕುಳಿತಿದ್ದಳು. ಅಳುವಿನ ನಡುವೆ ಹಾಲಿನಾಕೆಯ ಮಾತು ಅವಳಿಗೆ ಮುಟ್ಟಿರಲಿಲ್ಲ, ಏನೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದು ಅಲ್ಲೇ ತೀರ್ಮಾನಿಸಿದೆ.

ಹದಿಮೂರನೆಯ ದಿನ ಊಟಗಳು ಮುಗಿದ ಮೇಲೆ ಮಾನ್ವಿಯ ಅಣ್ಣ ಎಲೆಯಡಿಕೆ ಹಾಕಿಕೊಂಡು, ಹತ್ತು ಮಂದಿ ಇರುವಾಗ ಮಾತು ತೆಗೆದ.

“ಆರಾಮಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರೂ ರವಿವಾರ ಬರ್ತೀವಿ ಅಂದ್ರಂತಲ್ಲೋ ತಮ್ಮಾ. ಲಖನೌದಾಗ ರಜಾ ನೋಡಿ ಸಾಯ್ತಾರೇನು? ಫೋನ್ ಯಾರು ತಗೊಂಡಿದ್ರು, ನಿನ್ನ ಹೆಂಡ್ತೀನೇನು?”

“ಫೋನ್ ತಗೊಂಡಾಂವ ನಾ,” ಎಂದೆ. “ನಾನೇ ರವಿವಾರ ಅಂದೆ.”

ಆ ಬುಧವಾರ ಮಧ್ಯಾಹ್ನವೆಲ್ಲ ನಾನು ಅವನ ಮನೆಯಲ್ಲೇ ಕುಳಿತಿದ್ದೆ, ಮೊಬೈಲ್ ಮರೆತದ್ದಕ್ಕೆ ಅವನಿಂದಲೇ ಬೈಸಿಕೊಂಡಿದ್ದೆ. ಅಣ್ಣ ನನ್ನನ್ನು ದಿಟ್ಟಿಸಿ ನೋಡಿದ. ಅವನಿಗೆ ಅದು ನೆನಪಾಯಿತೆಂದು ನನಗೆ ತಿಳಿಯಿತು. ಆದರೂ ಅವನು ಎದ್ದುಹೋಗಿ ಎಲೆಯಡಿಕೆ ಉಗುಳಿ ಬಂದು ಬೇರೆ ಮಾತು ತೆಗೆದ. ಗುಡಿಯಲ್ಲಿ ಇಷ್ಟು ವರ್ಷ ಪೂಜೆ ಮಾಡಿದ್ದು ವ್ಯರ್ಥವಾಗಿಲ್ಲವೆಂದು ಆಗ ಅನಿಸಿತು.

ನನ್ನ ಉತ್ತರದ ಹೊತ್ತಿಗೆ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ವಾಪಸು ಬರುವ ಬಸ್ಸಿನಲ್ಲಿ, ಫೋನ್ ನೀವು ತೆಗೆದುಕೊಂಡಿರೆಂದು ಯಾಕೆ ಹೇಳಿದಿರಿ ಎಂದು ಕೇಳಿದಳು. ಅಷ್ಟು ಕನ್ನಡ ಅವಳಿಗೆ ಬಂದಿತ್ತು, ನಾನೇ ಕಲಿಸಿದ್ದೆ. ನಮ್ಮಲ್ಲಿ ಮನೆಯ ಯಜಮಾನನ ಹೆಸರಲ್ಲೇ ಹೇಳುವ ಪದ್ಧತಿ ಎಂದೆ. ಅಂಥ ಪದ್ಧತಿ ಮಾನ್ವಿಯಲ್ಲೂ ಇಲ್ಲ, ಮತ್ತೆಲ್ಲೂ ಇಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು.

ಮುಂದಿನ ಎರಡು ತಿಂಗಳು ನಾನು ಕೈಗೊಂಡ ಕಾರ್ಯದ ಮಹತ್ವವನ್ನು ಓದುಗರು ಗಮನಿಸಬೇಕು: ಒಂದು ಇಡೀ ಪಟ್ಟಣದ ಕುಶಲಪ್ರಶ್ನೆಯನ್ನು ನಾನೊಬ್ಬನೇ ತಡೆಯಲು ನಿಂತಿದ್ದೆ. ಹೆಂಡತಿಯ ಜೊತೆ ಬಜಾರಕ್ಕೆ ಹೊರಟರೆ ಎದುರಿಗೆ ಬಂದವರು ಬಾಯಿ ತೆರೆಯುವ ಮೊದಲೇ, ಆರಾಮ, ಆರಾಮ ಎಂದು ನಾನೇ ಉತ್ತರ ಒಗೆದು ಮುಂದೆ ಸಾಗುತ್ತಿದ್ದೆ. ಅವಳಿಗೆ ನೆಗಡಿಯಾದರೆ ಔಷಧಿ ಅಂಗಡಿಗೆ ನಾನೇ ಓಡುತ್ತಿದ್ದೆ. ಮಾಸ್ತರರಿಗೆ ಅಕ್ಕ ಹೋದ ಮೇಲೆ ತಲೆ ಸ್ವಲ್ಪ ಸರಿಯಿಲ್ಲ ಎಂದು ಓಣಿಯಲ್ಲಿ ಮಾತಾಯಿತು, ಅದನ್ನೂ ತಡೆಯಲಿಲ್ಲ. ಕೊನೆಗೆ, ಅಕ್ಕನೇ ಇಲ್ಲದ ಮೇಲೆ ಇಲ್ಲಿ ಏನಿದೆ, ಲಖನೌಗೆ ವಾಪಸು ಹೋಗೋಣ ಎಂದೆ. ಅಲ್ಲಿ ಆ ಪದ ಹಿಂದಿಯಲ್ಲೇ ಉಳಿಯುತ್ತದೆ, ಅವಳಿಗೆ ಎಂದೂ ತಿಳಿಯುವುದಿಲ್ಲ. ಅವಳು ಒಪ್ಪಲಿಲ್ಲ. ಇಲ್ಲಿ ನನ್ನನ್ನು ಎಲ್ಲರೂ ಮಾತಾಡಿಸುತ್ತಾರೆ, ಅಕ್ಕನ ಮನೆಯನ್ನು ಬೀಗ ಹಾಕಿ ಬಿಡಬಾರದು, ಒಂದು ವರ್ಷವಾದರೂ ಇರೋಣ ಎಂದಳು.

ನಮ್ಮ ಓಣಿಗೆ ಕಾಯಿಪಲ್ಲೆ ತರುವ ಮುದುಕಿ ಎಂಟು ದಿನ ಬರಲಿಲ್ಲ. ಒಂಬತ್ತನೆಯ ದಿನ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಅಷ್ಟು ಹೊತ್ತು ಸಾಕಾಯಿತು. ಎಲ್ಲಿ ಹೋಗಿದ್ದಿ ಎಂದು ಹೆಂಡತಿ ಕೇಳಿದ್ದಾಳೆ. ಮುದುಕಿ, ಸಲಾಯಿನ್ ಸೂಜಿ ಚುಚ್ಚಿದ ಕಡೆ ಇನ್ನೂ ಪಟ್ಟಿ ಅಂಟಿದ್ದ ಕೈಯನ್ನು ಮುಂದೆ ಚಾಚಿದ್ದಾಳೆ.

“ಆರಾಮಿರಲಿಲ್ರೀ ಯವ್ವಾ. ದವಾಖಾನ್ಯಾಗಿದ್ದೆ.”

ನಾನು ಹೊರಗೆ ಬಂದಾಗ ಮೆಂತ್ಯೆಯ ಸೂಡು ಹೊಸ್ತಿಲಲ್ಲೇ ಬಿದ್ದಿತ್ತು. ಹೆಂಡತಿ ಮೇಜಿನ ಮುಂದೆ ಕುಳಿತು ನೋಟುಬುಕ್ಕು ತೆಗೆದಿದ್ದಳು. ಎಡಕ್ಕೆ ಆ ಪದ ಬರೆದಿದ್ದಳು, ಬಲಕ್ಕೆ ಜಾಗ ಖಾಲಿ ಬಿಟ್ಟಿದ್ದಳು. ಇದರ ಅರ್ಥ ಹೇಳಿ ಎಂದಳು. ನಾನು ಹೇಳಿದೆ. ಅವಳು ಬರೆದುಕೊಂಡಳು. ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆಯುವ ಹಾಗೆ ದುಂಡಗೆ ಬರೆದಳು.

ಆಮೇಲೆ ಆ ದಿನ ಅಕ್ಕನಿಗೆ ತಾನು ಹೇಳಿದ್ದನ್ನು ನನ್ನೆದುರು ಪಾಠದಂತೆ ಒಪ್ಪಿಸಿದಳು. ಅಕ್ಕ, ಯಾಕೋ ನನಗ ಆರಾಮಿಲ್ಲ ಯವ್ವಾ ಎಂದಿದ್ದಳಂತೆ. ಅದಕ್ಕೆ ಇವಳು:

“ನಿಮಗ ಯಾವಾಗಲೂ ಆರಾಮಿಲ್ಲ ಬಿಡ್ರಿ ಅಕ್ಕಾ. ನಾವು ರವಿವಾರ ಬರ್ತೀವಿ.”

ಅಷ್ಟೊಂದು ದುಡಿಯುತ್ತೀರಿ ಎಂದು ಮೆಚ್ಚಿ ಆಡಿದ ಮಾತು. ಇದನ್ನು ಅವರು ಹೇಗೆ ಕೇಳಿರುತ್ತಾರೆ, ಸರಿಯಾಗಿ ಹಿಂದಿಗೆ ಹೇಳಿ ಎಂದಳು. ಮೂವತ್ತು ವರ್ಷ ಅವರಿಬ್ಬರ ಮಾತನ್ನು ಮೆದುಮಾಡಿ ದಾಟಿಸಿದ್ದ ನಾನು ಆಗ ಮೆದುಮಾಡಲಿಲ್ಲ. ‘ನೀವು ಯಾವಾಗಲೂ ಹುಷಾರಿಲ್ಲ ಅನ್ನುವವರೇ, ಇರಲಿ ಬಿಡಿ.’ ಅವಳು ತಲೆ ಆಡಿಸಿದಳು. ನನ್ನ ಮಾತಿಗೆ ಅಕ್ಕ ನಕ್ಕರು, ಸಣ್ಣಗೆ ನಕ್ಕು ಆಗಲಿ ಎಂದರು ಎಂದಳು. ಆ ನಗು ಯಾವ ಬಗೆಯದೆಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ಮರುದಿನ ಒಬ್ಬಳೇ ದೇವದುರ್ಗದ ಬಸ್ಸು ಹತ್ತಿದಳು. ನಾನು ಬರುತ್ತೇನೆಂದರೆ ಬೇಡವೆಂದಳು. ಸಂಜೆ ಬಂದು ಚಪ್ಪಲಿ ಬಿಟ್ಟು, ಕೇಳುವ ಮೊದಲೇ ಹೇಳಿದಳು. ಹಾಲಿನಾಕೆಯ ಮನೆಗೆ ಹೋಗಿ, ಫೋನ್ ನಾ ತಗೊಂಡಿದ್ದೆ, ನನಗ ಮಾತು ತಿಳೀಲಿಲ್ಲ ಎಂದು ಅವಳ ಮುಂದೆ ಹೇಳಿ ಬಂದಿದ್ದಳು. ಹಾಲಿನಾಕೆ ಹಿಂಡುತ್ತಿದ್ದ ಎಮ್ಮೆಯನ್ನು ಬಿಟ್ಟು ಎದ್ದು, “ನಂದೂ ತಪ್ಪದ ಯವ್ವಾ. ಟೀಚರವ್ವ ಬ್ಯಾಡ ಅಂದ್ರಂತ ನಾನೂ ಸುಮ್ಮನಾದೆ,” ಎಂದಳಂತೆ. ಇಬ್ಬರೂ ಸ್ವಲ್ಪ ಹೊತ್ತು ಕೊಟ್ಟಿಗೆಯ ಮುಂದೆ ಕುಳಿತಿದ್ದರಂತೆ. ಮಾನ್ವಿಗೂ ಹೋಗಿ ಅಣ್ಣನಿಗೆ ಹೇಳುವುದಿದೆ ಎಂದಳು.

ತಪ್ಪು ಪೂರ್ತಿ ತನ್ನದೆಂದು ಹೊತ್ತುಕೊಂಡು ಊರೂರು ತಿರುಗುವ ತಯಾರಿಯಲ್ಲಿದ್ದಳು. ಅದನ್ನು ನೋಡಿಕೊಂಡು ಇನ್ನು ಸುಮ್ಮನಿರಲು ಆಗಲಿಲ್ಲ. ಬಂದ ಎರಡನೆಯ ವಾರದಿಂದಲೇ ನೀನು ಆ ಪದವನ್ನು ತಪ್ಪಾಗಿ ತಿಳಿದದ್ದು ನನಗೆ ಗೊತ್ತಿತ್ತು ಎಂದೆ. ತಮಾಷೆಯಾಗಿತ್ತು, ಅದಕ್ಕೇ ತಿದ್ದಲಿಲ್ಲ. ದೀಪಾವಳಿಗೆ ಅಕ್ಕನಿಗೆ ಹೇಳಿ ನಗಿಸಬೇಕೆಂದು ಇಟ್ಟುಕೊಂಡಿದ್ದೆ.

ಅವಳು ನನ್ನನ್ನೇ ನೋಡಿದಳು. ಅಕ್ಕನಿಗೆ ಮೊದಲೇ ಹೇಳಿಬಿಟ್ಟಿದ್ದರೆ, ಆ ದಿನ ಅವರಿಗಾದರೂ ನನ್ನ ಮಾತು ತಿಳಿಯುತ್ತಿತ್ತು ಎಂದಳು. ಅಷ್ಟೇ. ಸಿಟ್ಟು ಮಾಡಲಿಲ್ಲ. ಒಳಗೆ ಹೋಗಿ ಅನ್ನಕ್ಕೆ ಇಟ್ಟಳು, ಇಬ್ಬರೂ ಉಂಡೆವು.

ಲಖನೌಗೆ ಹೋಗುವ ಮಾತನ್ನು ನಾನು ಮತ್ತೆ ತೆಗೆಯಲಿಲ್ಲ. ತಿಂಗಳಿಗೊಮ್ಮೆ ಅವಳು ದೇವದುರ್ಗಕ್ಕೆ ಹೋಗಿ ಮನೆ ಗುಡಿಸಿ ಬರುತ್ತಾಳೆ. ನನ್ನ ಬಳಿ ಕನ್ನಡ ಕಲಿಯುವುದನ್ನು ಆ ರಾತ್ರಿಯೇ ನಿಲ್ಲಿಸಿದಳು. ಈಗ ಮಧ್ಯಾಹ್ನ ಮಾಲೀಕರ ಹೆಂಡತಿಯ ಬಳಿ ಹೋಗಿ ಕಲಿಯುತ್ತಾಳೆ. ಅವರಿಗೆ ಹಿಂದಿ ಒಂದಕ್ಷರವೂ ಬರುವುದಿಲ್ಲ. ಚೆನ್ನಾಗಿ ಕಲಿಸುತ್ತಾರಂತೆ.