ದಿಬ್ಬ ಓಗೊಟ್ಟಿತು

ಭೂಮಿ ಮಾತಾಡುತ್ತದೆ ಎಂದವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಗಡಹಿಂಗ್ಲಜದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು ನಾನು. ಕಲ್ಲಿಗೆ ಬಾಯಿಲ್ಲ ಎನ್ನುವುದೇ ನನ್ನ ಹೊಟ್ಟೆಪಾಡು. ಆದರೂ ಆದದ್ದನ್ನು ಆದಂತೆ ಹೇಳಿಬಿಡುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಉತ್ತೂರಿನಲ್ಲಿ ಗಂಡನ ಮನೆಯ ಜಮೀನು ಪಾಲಾದಾಗ ಭಾವಂದಿರಿಗೆ ಕೆಳಗಿನ ಕಬ್ಬಿನ ಹೊಲ ಬಂತು, ನಮಗೆ ಮೇಲಿನ ದಿಬ್ಬ. ಎರಡು ಬಿರುಕುಗಳ ನಡುವೆ ನೆಲ ಇಡಿಯಾಗಿ ಮೇಲೆದ್ದು ಆದ ದಿಬ್ಬ ಅದು. ಅಂಚಿನ ಬಿರುಕಿನಲ್ಲಿ ಕಲ್ಲು ನುಚ್ಚಾಗಿರುತ್ತದೆ, ಅಲ್ಲಿ ನೀರು ಸಿಕ್ಕೇ ಸಿಗುತ್ತದೆ ಎಂದೆ. ದೊಡ್ಡ ಭಾವ ಎಲ್ಲರೆದುರು ನಕ್ಕು, ದಿಬ್ಬದಲ್ಲಿ ನೀರು ಬಂದರೆ ಮೀಸೆ ಬೋಳಿಸುತ್ತೇನೆ ಎಂದರು. ನನಗೂ ಹಟ ಹುಟ್ಟಿತು. ಆದರೆ ನಮ್ಮವರು ಒಪ್ಪಿದ್ದು ಒಂದೇ ಬೋರಿಗೆ. ಮೇಲೆ ಮಣ್ಣು ಮುಚ್ಚಿದ್ದರಿಂದ ಬಿರುಕಿನ ನಿಖರವಾದ ಜಾಗ ಗೊತ್ತಾಗುತ್ತಿರಲಿಲ್ಲ. ನಾಲ್ಕು ಮಾರು ತಪ್ಪಿದರೂ ಗಟ್ಟಿ ಕಲ್ಲು, ನನ್ನ ಮಾನ ಮೂರು ಕಾಸು.

ಅಷ್ಟರಲ್ಲಿ ಸೀಗಿ ಹುಣ್ಣಿಮೆ ಬಂತು. ಬಸುರಿ ಭೂಮಿತಾಯಿಗೆ ಉಣಬಡಿಸುವ ದಿನ. ಅತ್ತೆ ಮುಂದೆ ನಡೆಯುತ್ತ, ಅನ್ನ ಕಡುಬಿನ ಎಡೆಯನ್ನು ಚರಗವೆಂದು ದಿಬ್ಬದ ತುಂಬ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಿದ್ದರು. ಹಿಂದಿನವರು "ಸಲಾಂಬ್ರಿಗೋ" ಎಂದು ಓಗೊಡಬೇಕು. ಹಿಂದಿದ್ದವಳು ನಾನೊಬ್ಬಳೇ. ಕೆಳಗಿನ ಹೊಲದಿಂದ ಭಾವಂದಿರು ನೋಡುತ್ತಿದ್ದಾರೆ, ಕಾಲೇಜಿನ ಮೇಡಂ ಹೀಗೆ ಅರಚುವುದೇ ಎಂದು ತುಟಿ ಬಿಗಿಹಿಡಿದೆ.

ದಿಬ್ಬದ ಪಡುವಣ ಅಂಚಿಗೆ ಬಂದಾಗ ಅತ್ತೆ ಮತ್ತೆ ಕೂಗಿದರು. ನನ್ನ ಕಾಲಡಿಯಿಂದ, ಕೊಡದೊಳಗೆ ಮುಖವಿಟ್ಟು ಯಾರೋ ಅಂದಂತೆ, ಉತ್ತರ ಬಂತು: "ಸಲಾಂಬ್ರಿಗೋ." ಅಂಗಾಲು ಜುಮ್ಮೆಂದಿತು. ಪ್ರತಿಧ್ವನಿ ಎನ್ನೋಣವೆಂದರೆ ಕೂಗಿದ ಮಾತೇ ಬೇರೆ, ಬಂದ ಮಾತೇ ಬೇರೆ. ಹೆದರಿದೆ, ಸುಳ್ಳೇಕೆ ಹೇಳಲಿ? ಆದರೂ ಅಲ್ಲೊಂದು ಕಲ್ಲಿಟ್ಟು ಗುರುತು ಮಾಡಿದೆ.

ಹಬ್ಬ ಮುಗಿದ ಮೇಲೆ ಬೋರ್ ಕೊರೆಸಿದ್ದು ಅಲ್ಲೇ. ಮಧ್ಯಾಹ್ನದ ಹೊತ್ತಿಗೆ ನೀರು ಬೋರ್ ಗಾಡಿಗಿಂತ ಎತ್ತರಕ್ಕೆ ಚಿಮ್ಮಿತು ನೋಡಿ! ಮೈತುಂಬ ಕೆಸರು ಮಾಡಿಕೊಂಡು ಹುಡುಗಿಯಂತೆ ಕುಣಿದೆ. ಗೆದ್ದೆ ಅಂದರೆ ಗೆದ್ದೆ. ದೊಡ್ಡ ಭಾವನೂ ಆಡಿದ ಮಾತಿಗೆ ತಪ್ಪದ ಮನುಷ್ಯ. ಮರುದಿನ ಬೋಳು ತುಟಿಯಲ್ಲಿ ನಗುತ್ತ, ಕೊಲ್ಲಾಪುರದಿಂದ ಪೇಢೆ ತಂದು ಊರಿಗೆಲ್ಲ ಹಂಚಿದರು.

ಅವತ್ತು ಸಂಜೆ ಅತ್ತೆ ಹೆಮ್ಮೆಯಿಂದ ನನ್ನ ಬೆನ್ನು ಸವರಿದರು. "ಹೊಲಾ ತುಂಬ ಬಾಯಿ ಬಿಗದ ನಡದಿದ್ದಿ. ಆ ಒಂದ ಜಾಗಾದಾಗ ಓ ಕೊಟ್ಟಿ ನೋಡವಾ, ಆವಾಗ್ಲೇ ನಂಗ ಗೊತ್ತಾತು, ಇಲ್ಲೇ ನೀರ ಐತಿ ಅಂತ. ಭಾಳ ಚಂದ ಇತ್ತ ನಿನ್ನ ದನಿ."

ನಾನು ತುಟಿ ಬಿಚ್ಚಿರಲೇ ಇಲ್ಲ. ಅದನ್ನು ಅತ್ತೆಗೆ ಇಂದಿಗೂ ಹೇಳಿಲ್ಲ. ಆ ಬಿರುಕು ಹೇಗಾಯಿತು, ಅದರಲ್ಲಿ ನೀರು ಹೇಗೆ ನಿಂತಿತು ಎಂದು ಯಾರು ಕೇಳಿದರೂ ವಿವರಿಸಬಲ್ಲೆ. ಆ ದನಿ ಯಾರದೆಂದು ಮಾತ್ರ ಕೇಳಬೇಡಿ.